ಹಲ್ಲು ಕಟ್ಟುವ ಮನೆಯಲ್ಲೊಂದು ಡ್ರ್ಯಾಗನ್

ಚಿಂತಾಮಣಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ನಮಾಜು ಮುಗಿಸಿದ ರಹಮತುನ್ನೀಸಾ ಒಲೆಯ ಮೇಲಿನ ಪಾತ್ರೆಗೆ ಇಕ್ಕಳ ಇಳಿಸುತ್ತಾರೆ. ಬಿಸಿನೀರಿನಿಂದ ಎದ್ದು ಬರುವುದು ಮೊರದಗಲದ ರೆಕ್ಕೆಯ ಡ್ರ್ಯಾಗನ್ ಗೊಂಬೆ. ಆಕಾಶಕ್ಕೆ ಚಾಚಿದ್ದ ಎರಡೂ ರೆಕ್ಕೆಗಳು ಬಾಡಿದ ಬಾಳೆಲೆಯ ಹಾಗೆ ಜೋತುಬಿದ್ದಿವೆ.

"ಕೈ ಅಭ್ಯಾಸ ಕೆಡಿಸ್ತು," ಎನ್ನುತ್ತಾರೆ, ಬಾಗಿಲಲ್ಲಿ ನಿಂತ ಗಂಡ ಖಾಜಾ ಪೀರ್ ಅವರಿಗೆ. "ಇದರ ಹೊಸ ಕತ್ತು ಗಟ್ಟಿಯಾಗ್ಲಿ ಅಂತ ಪೂರ್ತಿ ಮುಳುಗಿಸ್ಬಿಟ್ಟೆ."

ಊರಿನ ದಂತವೈದ್ಯರಿಗೆ ಕಟ್ಟುಹಲ್ಲಿನ ಸೆಟ್ಟು ಮಾಡಿಕೊಡುವುದು ರಹಮತುನ್ನೀಸಾ ತಂದೆಯಿಂದ ಕಲಿತ ಕಸುಬು. ಸೆಟ್ಟಿನ ಒಸಡಿಗೆ ಬಳಸುವ ಅಕ್ರಿಲಿಕ್ ಎಂಬ ಪ್ಲಾಸ್ಟಿಕ್ ಬಿಸಿನೀರಿನಲ್ಲಿ ಗಟ್ಟಿಯಾಗುತ್ತದೆ. ಗೊಂಬೆಯನ್ನು ಎರಕ ಹೊಯ್ದ ರೆಸಿನ್ ಅದೇ ನೀರಿನಲ್ಲಿ ಮೆತ್ತಗಾಗುತ್ತದೆ. ಡ್ರ್ಯಾಗನ್ನಿಗೆ ಅಕ್ರಿಲಿಕ್ಕಿನಲ್ಲಿ ಹೊಸ ಕತ್ತು ಕೂರಿಸಿದ ಮೇಲೆ, ವರ್ಷಗಟ್ಟಲೆ ಸೆಟ್ಟು ಮುಳುಗಿಸಿದ ಕೈ ಕೇಳಬೇಕಲ್ಲ.

ಗೊಂಬೆ ಚಿಕ್ಕಬಳ್ಳಾಪುರದ ಬ್ಯಾಂಕ್ ನೌಕರ ಉದಯಕುಮಾರ್ ಅವರದು. ಮೇಜಿನ ಮೇಲೆ ಕಾಲ್ಪನಿಕ ಸೈನ್ಯಗಳನ್ನು ಹೂಡಿ ಯುದ್ಧದಾಟ ಆಡುವ ಗೆಳೆಯರ ಗುಂಪು ಅವರದು. ಒಮ್ಮೆ ರಾಕ್ಷಸ ಗೊಂಬೆಯೊಂದರ ಕೋರೆಹಲ್ಲು ಮುರಿದಾಗ, ಅವರ ಹಲ್ಲಿನ ಡಾಕ್ಟರು ತಮಾಷೆಗೆ, "ಹಲ್ಲು ತಾನೆ? ರಹಮತಮ್ಮನ ಹತ್ರ ಹೋಗಿ" ಎಂದರಂತೆ. ಅಂದಿನಿಂದ ಆ ಗುಂಪಿನ ದೊಡ್ಡ ಗೊಂಬೆಗಳೆಲ್ಲ ಇಲ್ಲಿಗೇ ಬರುತ್ತವೆ. ರಹಮತುನ್ನೀಸಾ ಕತ್ತು ಕೊಯ್ದು ತಿರುಗಿಸುತ್ತಾರೆ, ಹಲ್ಲಿನ ತಂತಿಯಿಂದ ಕೈಕಾಲು ಜೋಡಿಸುತ್ತಾರೆ, ಕೊನೆಗೆ ಬಣ್ಣ ಕೊಡುತ್ತಾರೆ. ಬಾಯೊಳಗಿನ ಬಣ್ಣದಲ್ಲಂತೂ ಅವರನ್ನು ಮೀರಿಸುವವರಿಲ್ಲ.

"ಹಲ್ಲು ಚೆನ್ನಾಗಿ ಮಾಡಿದ್ರೆ, ಅದನ್ನ ಯಾರೋ ಮಾಡಿದ್ದು ಅಂತ್ಲೇ ಗೊತ್ತಾಗ್ಬಾರ್ದು. ಗೊಂಬೇನಾದ್ರೆ ಜನ ನಿಂತು ನೋಡ್ತಾರೆ," ಎನ್ನುತ್ತಾರೆ. ಈ ಕೆಲಸದ ಮೇಲೆ ಅವರಿಗೆ ಪ್ರಾಣ. ನಾಳೆ ಬೆಂಗಳೂರಿನಲ್ಲಿ ಇಂಥ ಗೊಂಬೆಗಳ ಸ್ಪರ್ಧೆ. ಇವತ್ತು ಬೆಳಗಿನ ಬಸ್ಸಿಗೆ ಉದಯಕುಮಾರ್ ಬರುತ್ತಾರೆ. ಗೊಂಬೆ ಕೆಟ್ಟರೆ ಈ ಮನೆಗೆ ಇನ್ನೊಂದು ಗೊಂಬೆ ಬರುವುದು ಅನುಮಾನ.

ಅವರು ಬಲರೆಕ್ಕೆಯನ್ನು ಮತ್ತೆ ಬಿಸಿನೀರಿಗೆ ಹಿಡಿದು, ಬೆರಳಿನಿಂದ ನೀವಿ, ತಣ್ಣೀರಿಗೆ ಅದ್ದುತ್ತಾರೆ. ಅದು ಮೊದಲಿನಂತೆ ನಿಲ್ಲುತ್ತದೆ. ಎಡರೆಕ್ಕೆ ಅರ್ಧಕ್ಕೆ ಬಂದಾಗ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಕಾಣುತ್ತದೆ. ಇನ್ನೊಂದು ಚೂರು ಎತ್ತಿದರೆ ರೆಕ್ಕೆ ಕೈಗೇ ಬರುತ್ತದೆ.

"ಇಷ್ಟಕ್ಕೇ ಬಿಟ್ಬಿಡು," ಎನ್ನುತ್ತಾರೆ ಖಾಜಾ ಪೀರ್. "ಮೊದ್ಲೇ ಹಿಂಗಿತ್ತು ಅಂದ್ರಾಯ್ತು."

ರಹಮತುನ್ನೀಸಾ ಅಕ್ರಿಲಿಕ್ಕಿನ ಡಬ್ಬಿ ಎಳೆದುಕೊಳ್ಳುತ್ತಾರೆ. ಬಿರುಕಿಗೆ ಅಕ್ರಿಲಿಕ್ ತುಂಬಿ, ಒಣಗಿದ ಮೇಲೆ ಕುಂಚ ಹಿಡಿಯುತ್ತಾರೆ. ಅರ್ಧ ಮಡಿಸಿದ ರೆಕ್ಕೆಯ ಸುಕ್ಕುಗಳಿಗೆ ಕಡುಗಂದು, ಅಂಚಿಗೆ ತೆಳು ಕೇಸರಿ. ಹೊರಗೆ ಚಪ್ಪಲಿ ಸದ್ದಾದಾಗ ಕುಂಚ ಇನ್ನೂ ಒದ್ದೆ.

ಉದಯಕುಮಾರ್ ಗೊಂಬೆಯನ್ನು ನೋಡಿ ನಿಂತುಬಿಡುತ್ತಾರೆ. ಅವರು ಬಾಯಿ ತೆರೆಯುವ ಮೊದಲೇ ರಹಮತುನ್ನೀಸಾ ಹೇಳಿಬಿಡುತ್ತಾರೆ: "ತಪ್ಪು ನಂದೇ ಕಣಪ್ಪ. ಬಿಸಿನೀರಿಗೆ ಹಾಕ್ಬಿಟ್ಟೆ. ಹಾರೋ ಥರ ಮಾಡಿ ಅಂತ ನೀನು ಅಂದಿದ್ದೆ, ಆಗ್ಲಿಲ್ಲ."

ಉದಯಕುಮಾರ್ ಗೊಂಬೆಯನ್ನು ಕಿಟಕಿಯ ಬೆಳಕಿಗೆ ಒಯ್ದು ತಿರುಗಿಸುತ್ತಾರೆ.

"ಇದು ಹಾರ್ತಿಲ್ಲಮ್ಮ," ಎನ್ನುತ್ತಾರೆ ಕಡೆಗೆ. "ಈಗ ತಾನೆ ಬಂದು ಇಳ್ದಂಗಿದೆ. ಹಿಂಗೇ ಇಡ್ತೀನಿ."

ರಹಮತುನ್ನೀಸಾಗೆ ಕಣ್ಣು ತುಂಬಿ ಬರುತ್ತದೆ. ಬಣ್ಣ ಒಣಗಿದ ಮೇಲೆ ಗೊಂಬೆಯನ್ನು ಹತ್ತಿಯಲ್ಲಿ ಸುತ್ತಿ ಡಬ್ಬಿಯಲ್ಲಿ ಕೂರಿಸುತ್ತಾರೆ. ಸ್ಪರ್ಧೆಯ ಹಾಲ್ ಹೇಗಿರುತ್ತದೋ, ಅವರು ಒಮ್ಮೆಯೂ ಕಂಡಿಲ್ಲ. ಬಾಗಿಲವರೆಗೂ ಹೋಗಿ, ಡಬ್ಬಿಯನ್ನು ಬಿಡದೆ, ಒಂದೇ ಒಂದು ಮಾತು ಕೇಳಿಕೊಳ್ಳುತ್ತಾರೆ.

"ರೆಕ್ಕೆ ಯಾಕೆ ಹಿಂಗಿದೆ ಅಂತ ಅಲ್ಲಿ ಯಾರಾದ್ರೂ ಕೇಳಿದ್ರೆ, ಬಾಕ್ಸಲ್ಲೇ ಹಂಗೆ ಬಂದಿದ್ದು ಅನ್ಬೇಡಪ್ಪ. ಚಿಂತಾಮಣಿ ರಹಮತುನ್ನೀಸಾ ಬಗ್ಸಿದ್ದು ಅನ್ನು."