ಲೆಂಪಿಯ ಅಂಗಡಿಯಲ್ಲಿ ಗುಡಿಸಿದ ಕೂದಲು

ಆರ್ವಿಡ್ ನಿಸ್ಕಲಾ ತೀರಿಕೊಂಡಾಗ ನಮ್ಮ ಊರಿನ ವಾರಪತ್ರಿಕೆ ಅವನ ಫೋಟೋ ಹಾಕಿ, ‘ವಿಜ್ಞಾನಕ್ಕಾಗಿ ಮನೆಮನೆ ಅಲೆದ ಜೀವ’ ಎಂದು ಬರೆಯಿತು. ಅವನು ನಿಜಕ್ಕೂ ಎಷ್ಟು ಮನೆ ಅಲೆದ ಎಂದು ವಿಚಾರಿಸಿದವಳು ನಾನೊಬ್ಬಳೇ. ಸತ್ತವರ ಬಗ್ಗೆ ಕೆಟ್ಟದ್ದಾಡಬಾರದು ಅನ್ನುತ್ತಾರೆ. ಬದುಕಿದ್ದಾಗಲೂ ನಾನು ಅವನ ಬಗ್ಗೆ ಒಳ್ಳೆಯದಾಡಿದವಳಲ್ಲ. ಈಗ ಹೊಸದಾಗಿ ಶುರುಮಾಡುವ ಮನಸ್ಸಿಲ್ಲ.

ನಮ್ಮದು ಮಿಷಿಗನ್ನಿನ ಉತ್ತರದ ತುದಿಯ ಕೋಸ್ಕಿ ಕೊಲ್ಲಿ. ತಾಮ್ರ ಅಗೆಯಲು ಫಿನ್‌ಲ್ಯಾಂಡಿನಿಂದ ಬಂದ ಅಜ್ಜಂದಿರ ಮೊಮ್ಮಕ್ಕಳು ನಾವೆಲ್ಲ. ಗಣಿಗಳು ಮುಚ್ಚಿದ ಮೇಲೆ ಮರ ಕಡಿಯುವುದು, ಮೀನು ಹಿಡಿಯುವುದು, ಉಳಿದ ಹೊತ್ತು ಹಿಮ ಗೋರುವುದು. ಆರ್ವಿಡ್‌ಗೆ ಈ ಮೂರೂ ಒಗ್ಗಲಿಲ್ಲ. ಮೊದಲು ವಿಮೆ ಮಾರಿದ, ಆಮೇಲೆ ಕಸ ಹೀರುವ ಯಂತ್ರ ಮಾರಿದ. ಎರಡೂ ಕೆಲಸ ಹೋದದ್ದು ಒಂದೇ ಕಾರಣಕ್ಕೆ: ಅವನಿಗೆ ಕಾರಿನಿಂದ ಇಳಿಯುವುದು ಆಗುತ್ತಿರಲಿಲ್ಲ. ಮಾತು ಮಾತ್ರ ಬೆಣ್ಣೆಯಲ್ಲಿ ಅದ್ದಿ ತೆಗೆದ ಹಾಗೆ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂಬ ಗಾದೆ ಇವನನ್ನು ನೋಡಿಯೇ ಹುಟ್ಟಿರಬೇಕು.

ಸಾವಿರದ ಒಂಬೈನೂರ ಎಂಬತ್ನಾಲ್ಕರಲ್ಲಿ ದಕ್ಷಿಣದ ಒಂದು ವಿಶ್ವವಿದ್ಯಾಲಯದವರು ನಮ್ಮಲ್ಲಿ ಒಂದು ಅಧ್ಯಯನ ಶುರುಮಾಡಿದರು. ಕಾಡಿನೊಳಗಿನ ಕೆರೆಗಳ ದೊಡ್ಡ ಮೀನುಗಳಲ್ಲಿ ಪಾದರಸ ಸೇರಿದೆಯಂತೆ. ಅದು ತಿಂದವರ ಮೈಗೆ, ಬಸುರಿಯರ ಹೊಟ್ಟೆಯ ಕೂಸಿಗೆ ಎಷ್ಟು ಇಳಿಯುತ್ತದೆ ಎಂದು ನೋಡಬೇಕು. ನೂರಾ ಮೂವತ್ತು ಮನೆಗಳನ್ನು ಆರಿಸಿದರು. ವರ್ಷಕ್ಕೆರಡು ಸಲ ಪ್ರತಿ ಮನೆಗೂ ಹೋಗಿ, ವಾರಕ್ಕೆಷ್ಟು ಸಲ ಮೀನು, ಯಾವ ಕೆರೆಯದು, ಎಷ್ಟು ದೊಡ್ಡದು ಎಂದು ಕೇಳಿ ಬರೆದುಕೊಳ್ಳಬೇಕು. ಕೊನೆಗೆ ಮನೆಯಾಕೆಯ ಕತ್ತಿನ ಹಿಂದಿನಿಂದ ಪೆನ್ಸಿಲ್ ದಪ್ಪದ ಒಂದು ಕುಚ್ಚು ಕೂದಲು ಕತ್ತರಿಸಿ ಲಕೋಟೆಗೆ ಹಾಕಿ ತರಬೇಕು. ತಿಂದ ಪಾದರಸದ ಗುರುತು ಕೂದಲಲ್ಲಿ ಉಳಿಯುತ್ತದೆ. ಮನೆಗಳಿಗೆ ಹೋಗುವ ಕೆಲಸ ಆರ್ವಿಡ್‌ಗೆ ಸಿಕ್ಕಿತು. ಲಕೋಟೆಗಳನ್ನು ಒಡೆದು ನೋಡಿ, ಸಂಖ್ಯೆ ಕೊಟ್ಟು ಪ್ರಯೋಗಾಲಯಕ್ಕೆ ಕಳಿಸುವ, ಉತ್ತರಗಳನ್ನು ಟೈಪು ಮಾಡುವ ಕೆಲಸ ನನಗೆ. ನಮ್ಮಿಬ್ಬರ ಮೇಲೆ ಡಾಕ್ಟರ್ ಪ್ರೆಂಟಿಸ್. ಐದು ಗಂಟೆ ದಾರಿಯ ದೂರದಲ್ಲಿ ಕೂತು ಆಳುವವರು.

ಮೊದಲೆರಡು ವರ್ಷ ಆರ್ವಿಡ್ ಗೊಣಗುತ್ತಲೇ ಅಲೆದ. ನಾಯಿಗಳು, ಹಿಮ, ಮುದುಕಿಯರ ಮುಗಿಯದ ಮಾತು ಎಂದು ದಿನಕ್ಕೊಂದು ದೂರು. ಮೂರನೆಯ ವರ್ಷ ಗೊಣಗಾಟ ನಿಂತಿತು. ಅವನ ಕಾಗದಪತ್ರ ದೇವರ ಪಟದಷ್ಟು ಚೊಕ್ಕಟವಾಯಿತು. ಒಂದು ಖಾಲಿ ಜಾಗವಿಲ್ಲ, ಒಂದು ಚಿತ್ತು ಇಲ್ಲ. ವರ್ಷದ ಸಭೆಗೆ ಬಂದಿದ್ದ ಪ್ರೆಂಟಿಸ್, “ಒಂದೇ ಒಂದು ಮನೆಯವರೂ ಇವರಿಗೆ ಇಲ್ಲ ಅಂದಿಲ್ಲ. ನನ್ನ ಅನುಭವದಲ್ಲೇ ಇಂಥದ್ದು ನೋಡಿಲ್ಲ,” ಅಂದರು. ಆರ್ವಿಡ್ ತಲೆ ತಗ್ಗಿಸಿ, “ಜನರ ಹತ್ರ ಜನರ ಹಾಗೆ ಮಾತಾಡ್ಬೇಕು ಸಾರ್, ಅಷ್ಟೇ,” ಅಂದ. ನಾನೂ ಚಪ್ಪಾಳೆ ತಟ್ಟಿದೆ. ಎಂದೂ ಕಾಣದ್ದನ್ನು ಕಂಡಾಗ ವಿಜ್ಞಾನಿಗೆ ಅನುಮಾನ ಬರಬೇಕು. ಇವರಿಗೆ ಹೆಮ್ಮೆ ಬಂತು.

ಪಾದರಸ ಎಲ್ಲರಲ್ಲೂ ಕಡಿಮೆ ಎಂದೇ ಬರುತ್ತಿತ್ತು. ಪ್ರೆಂಟಿಸ್ ಎರಡು ಪ್ರಬಂಧ ಪ್ರಕಟಿಸಿದರು. ‘ನಿಮ್ಮ ಕೆರೆ, ನಿಮ್ಮ ಮೀನು, ನಿಶ್ಚಿಂತೆಯಿಂದ ತಿನ್ನಿ’ ಎಂದು ಒಂದು ಕರಪತ್ರವನ್ನೂ ಮಾಡಿಸಿ ಹಂಚಿದರು.

ಆರನೆಯ ವರ್ಷದ ಮಾರ್ಚಿನಲ್ಲಿ ನಾನು ಎಂಬತ್ತೆಂಟನೆಯ ಸಂಖ್ಯೆಯ ಲಕೋಟೆ ಒಡೆದೆ. ಅದು ಹಿಲ್ಮಾ ಓಜಲಾಳದು. ಒಳಗೆ ಕಂದು ಬಣ್ಣದ ದಟ್ಟ ಕೂದಲು. ಹಿಲ್ಮಾ ನನ್ನ ಜೊತೆ ಚರ್ಚಿನಲ್ಲಿ ಭಾನುವಾರದ ಪಾಠ ಹೇಳುವವಳು. ನವೆಂಬರಿನಿಂದ ಅವಳಿಗೆ ಕ್ಯಾನ್ಸರಿನ ಔಷಧಿ ನಡೆಯುತ್ತಿತ್ತು. ಜನವರಿಯಲ್ಲಿ ಚರ್ಚಿನ ಅಡುಗೆಮನೆಯಲ್ಲಿ ಸೆಖೆಯಾಗಿ ಉಣ್ಣೆಯ ಟೋಪಿ ತೆಗೆದಾಗ ಅವಳ ತಲೆ ಮೊಟ್ಟೆಯ ಹಾಗೆ ನುಣ್ಣಗಿದ್ದದ್ದನ್ನು ನಾನೇ ನೋಡಿದ್ದೆ.

ಆರ್ವಿಡ್ ಪಕ್ಕದ ಮೇಜಿನಲ್ಲಿ ಕೂತು ಕಾಫಿ ಕುಡಿಯುತ್ತಿದ್ದ.

“ಹಿಲ್ಮಾ ಮನೆಗೆ ಯಾವಾಗ ಹೋಗಿದ್ದೆ?” ಅಂದೆ.

“ಹೋದ ಗುರುವಾರ. ಏಲಕ್ಕಿ ಬ್ರೆಡ್ಡು ಕೊಟ್ಲು. ಸೊಗಸಾಗಿತ್ತು.”

“ಹೇಗಿದಾಳೆ?”

“ಗುಂಡುಕಲ್ಲಿನ ಹಾಗಿದಾಳೆ. ಅವಳಿಗೇನು ಧಾಡಿ?”

“ಕೂದಲು?”

“ಒಳ್ಳೇ ದಟ್ಟ ಕೂದಲು. ಕತ್ರಿನೇ ಓಡ್ಲಿಲ್ಲ.”

“ಅವಳ ತಲೇಲಿ ಒಂದೆಳೆ ಕೂದಲಿಲ್ಲ ಆರ್ವಿಡ್. ಎಲ್ಲಾ ಉದುರಿಹೋಗಿದೆ.”

ಅವನು ಕಾಫಿಯನ್ನು ಊದಿ ಒಂದು ಗುಟುಕು ಕುಡಿದ. “ಹಾಗಾದ್ರೆ ಅದು ಬೇರೆ ಹಿಲ್ಮಾ ಇರ್ಬೇಕು.”

“ಈ ಕೊಲ್ಲೀಲಿ ಎಷ್ಟು ಜನ ಹಿಲ್ಮಾ ಓಜಲಾ ಇದಾರೆ?”

“ನೋಡಮ್ಮಾ ಇರ್ಮಾ, ನೀನು ಲಕೋಟೆ ಒಡೆಯೋಳು. ಒಡೀತಾ ಇರು. ತಲೆ ಎಣಿಸೋ ಕೆಲಸ ನಿನಗ್ಯಾರೂ ಕೊಟ್ಟಿಲ್ಲ.”

ಆ ಶನಿವಾರ ನಾನು ಪಟ್ಟಿ ಹಿಡಿದು ಹೊರಟೆ. ಹನ್ನೊಂದು ಮನೆ ಮುಗಿಸುವಷ್ಟರಲ್ಲಿ ಕಾಲು ಮರಗಟ್ಟಿತು. ತೈಮಿ ರೌತಿಯೋ ಎಂಬ ಎಂಬತ್ತರ ಅಜ್ಜಿ ಒಲೆಯ ಪಕ್ಕ ಕೂರಿಸಿಕೊಂಡು ಹೇಳಿದಳು: “ಆರ್ವಿಡಾ? ಬರ್ತಾನಲ್ಲ. ರಸ್ತೇಲಿ ಕಾರು ನಿಲ್ಸಿ ಹಾರನ್ ಹೊಡೀತಾನೆ. ನಾನು ಕಿಟಕಿಯಿಂದ ಕೈ ಬೀಸ್ತೀನಿ, ಅವನೂ ಬೀಸ್ತಾನೆ, ಹೋಗ್ತಾನೆ. ಒಳ್ಳೇ ಹುಡುಗ.”

“ನಿಮ್ಮ ಕೂದಲು ಕತ್ತರಿಸ್ತಾನಾ ಅಜ್ಜಿ?”

“ನನ್ನ ಗಂಡ ಹೋದ್ಮೇಲೆ ಈ ತಲೇನ ಯಾರೂ ಮುಟ್ಟಿಲ್ಲ ಕಣೇ.”

ಹನ್ನೊಂದರಲ್ಲಿ ಹತ್ತು ಮನೆಗಳಲ್ಲಿ ಇದೇ ಕಥೆ. ಹನ್ನೊಂದನೆಯದು ಸೆನ್ಯಾ ಪೆಲ್ಟೋಳ ಮನೆ. ಇಪ್ಪತ್ನಾಲ್ಕರ ಹುಡುಗಿ, ಏಳು ತಿಂಗಳ ಬಸುರಿ. ಗಂಡನಿಗೆ ಗರಗಸದ ಕಾರ್ಖಾನೆಯ ಕೆಲಸ ಹೋಗಿತ್ತು. ಮಂಜುಗಡ್ಡೆ ಕೊರೆದು ಕೆರೆಯಿಂದ ಅವನು ಎತ್ತುವ ತೋಳುದ್ದದ ಪೈಕ್ ಮೀನೇ ಅವರ ಊಟ, ವಾರಕ್ಕೆ ಐದು ದಿನ. ನಮ್ಮ ಕರಪತ್ರ ಅವಳ ಫ್ರಿಜ್ಜಿನ ಬಾಗಿಲ ಮೇಲೆ ಅಂಟಿತ್ತು.

“ಪೆಟ್ರೋಲ್ ಬಂಕ್ ಹತ್ರ ಆರ್ವಿಡ್ ಸಿಕ್ಕಿದ್ರು,” ಅಂದಳು. “ಈ ಸ್ಥಿತೀಲಿ ತಿನ್ಬಹುದಾ ಅಂತ ಕೇಳ್ದೆ. ಇಡೀ ಊರಿನ ತಲೆ ಪರೀಕ್ಷೆ ಮಾಡಿದೀವಿ, ಧಾರಾಳವಾಗಿ ತಿನ್ನು ಅಂದ್ರು.”

“ತಿನ್ಬೇಡಮ್ಮ,” ಅಂದೆ. “ದೊಡ್ಡ ಮೀನು ಇವತ್ತಿಂದಾನೇ ಬಿಟ್ಬಿಡು.”

ಅವಳು ಕರಪತ್ರವನ್ನು ನೋಡಿ, ನನ್ನನ್ನು ನೋಡಿದಳು. “ನೀವೂ ಅದೇ ಆಫೀಸಿನೋರಲ್ವಾ?”

ನಾನು ಬೂಟು ಹಾಕಿಕೊಂಡೆ.

ಕೂದಲು ಎಲ್ಲಿಂದ ಬರುತ್ತಿತ್ತು ಎಂಬುದನ್ನು ಹೆಂಗಸರ ಕೂದಲು ಕತ್ತರಿಸುವ ಲೆಂಪಿ ತಾನಾಗಿಯೇ ಬಾಯಿಬಿಟ್ಟಳು. ಆರ್ವಿಡ್ ವರ್ಷಕ್ಕೆರಡು ಸಲ ಬಂದು, ಅವಳು ಗುಡಿಸಿಟ್ಟದ್ದನ್ನು ಚೀಲಕ್ಕೆ ತುಂಬಿಸಿಕೊಂಡು ಹೋಗುತ್ತಿದ್ದನಂತೆ. “ಹೆಂಡತಿ ಗೊಂಬೆ ಮಾಡ್ತಾಳೆ, ಬಣ್ಣಬಣ್ಣದ್ದು ಬೇಕು ಅಂತಾನೆ. ನರೆತದ್ದೂ ಬೇಕಂತೆ. ಅಜ್ಜಿ ಗೊಂಬೆ ಇರ್ಬೇಕು,” ಅಂದಳು. ಲೆಂಪಿಯ ಅಂಗಡಿಗೆ ಬರುವವರು ಬ್ಯಾಂಕಿನವರು, ಶಾಲೆಯ ಟೀಚರುಗಳು, ವಕೀಲರ ಹೆಂಡತಿ. ಗೋಮಾಂಸವನ್ನೂ ಡಬ್ಬಿಯ ಸಾರನ್ನೂ ತಿನ್ನುವ ಮಂದಿ. ಅವರ ಕೂದಲಲ್ಲಿ ಕೆರೆಯ ಪಾದರಸ ಎಲ್ಲಿಂದ ಬಂದೀತು?

ಬಸ್ಸು ಹತ್ತಿ ಪ್ರೆಂಟಿಸ್‌ರ ಬಳಿಗೆ ಹೋದೆ. ನನ್ನ ಪಟ್ಟಿಯನ್ನು ಬೆರಳ ತುದಿಯಲ್ಲಿ ಹಿಡಿದು ಓದಿದರು.

“ನೋಡಿ ಇರ್ಮಾ, ನೂರಾ ಮೂವತ್ತರಲ್ಲಿ ಹನ್ನೊಂದು ಮನೆ. ಅದೂ ನಿಮಗೆ ಬೇಕಾದ್ದು ಆರಿಸ್ಕೊಂಡಿದ್ದು. ಇದನ್ನ ಪುರಾವೆ ಅನ್ನೋಕಾಗಲ್ಲ.”

“ಬೋಳುತಲೆ ಪುರಾವೆ ಅಲ್ವಾ ಸಾರ್?”

“ಮೇ ತಿಂಗಳಲ್ಲಿ ನಮ್ಮ ಅನುದಾನದ ಪರಿಶೀಲನೆ ಇದೆ. ಅದಾಗ್ಲಿ, ಕೂತು ಮಾತಾಡೋಣ.”

“ಅಲ್ಲೊಬ್ಬ ಬಸುರಿ ಹುಡುಗಿ ದಿನಾ ಆ ಮೀನು ತಿಂತಿದಾಳೆ.”

“ಅದಕ್ಕೇ ಅಧ್ಯಯನ ಮುಂದುವರೀಬೇಕು ಅನ್ನೋದು,” ಅಂದರು. ಓದಿದವರ ಬಾಯಲ್ಲಿ ನಾಚಿಕೆಗೇಡೂ ಎಷ್ಟು ನಯವಾಗಿ ಬರುತ್ತದೆ!

ನಾನು ಅನುದಾನ ಕೊಡುವವರಿಗೇ ಬರೆದೆ. ಶರತ್ಕಾಲದಲ್ಲಿ ಟೈ ಕಟ್ಟಿದ ಒಬ್ಬರು ಬಂದು ಎರಡು ದಿನ ಕೂತರು. ನಾಲ್ಕು ವರ್ಷ ಆ ಲಕೋಟೆಗಳನ್ನು ಒಡೆದ ನಿಮಗೆ ಯಾಕೆ ಅನುಮಾನ ಬರಲಿಲ್ಲ ಎಂದು ನನ್ನನ್ನು ಕೇಳಿದರು. ನ್ಯಾಯವಾದ ಪ್ರಶ್ನೆ. ಚೊಕ್ಕಟ ಕಾಗದ ಟೈಪು ಮಾಡುವುದು ಸುಲಭ ಎಂಬುದೇ ನನ್ನ ಉತ್ತರ, ಹಾಗೆಂದೇ ಹೇಳಿದೆ. ಅಧ್ಯಯನ ನಿಂತಿತು. ಒಂದು ಪ್ರಬಂಧವನ್ನು, ಕಾರಣ ಹೇಳದೆ, ಎರಡು ಸಾಲಿನಲ್ಲಿ ಹಿಂತೆಗೆದುಕೊಂಡರು. ಇನ್ನೊಂದು ಹಾಗೆಯೇ ಇದೆ. ಪ್ರೆಂಟಿಸ್ ಮರುವರ್ಷ ಡೀನ್ ಆದರು. ಆರ್ವಿಡ್ ‘ಆರೋಗ್ಯದ ಕಾರಣ’ ಬಿಟ್ಟ ಎಂದಾಯಿತು. ಆ ಆರೋಗ್ಯವಂತ ಗಣಿ ವಸ್ತುಸಂಗ್ರಹಾಲಯದಲ್ಲಿ ಟಿಕೆಟು ಹರಿಯುವ ಕುರ್ಚಿ ಹಿಡಿದ. ಶಾಲೆಯ ಮಕ್ಕಳು ಬಂದರೆ, ತಾನು ಸಂಶೋಧನೆ ಮಾಡುತ್ತಿದ್ದ ಕಾಲದ ಕಥೆ ಹೇಳುತ್ತಿದ್ದನಂತೆ, ನಾಯಿಗಳ ಸಮೇತ.

ಸೆನ್ಯಾಗೆ ಮೇ ಕೊನೆಯಲ್ಲಿ ಹೆಣ್ಣುಮಗು ಹುಟ್ಟಿತು. ನಡಿಗೆ ತಡವಾಯಿತು, ಮಾತು ಇನ್ನೂ ತಡವಾಯಿತು. ನಾಲ್ಕು ವರ್ಷವಾದರೂ ಮೂರು ಪದ ಜೋಡಿಸಲು ತಡಕಾಡುತ್ತಿತ್ತು. ಇದಕ್ಕೆ ನೂರು ಕಾರಣ ಇರಬಹುದು ಎಂದರು ಡಾಕ್ಟರು. ಇರಬಹುದು. ಮೀನೇ ಕಾರಣ ಎಂದು ನಾನೂ ಆಣೆಯಿಟ್ಟು ಹೇಳಲಾರೆ. ಹೇಳಬಹುದಾಗಿದ್ದದ್ದು ಆ ಚಳಿಗಾಲದ ಸೆನ್ಯಾಳ ಕೂದಲು. ಅವಳ ಸಂಖ್ಯೆಯ ಲಕೋಟೆಯಲ್ಲಿ ಯಾವಳೋ ಟೀಚರಿನ ಕೂದಲಿತ್ತು.

ದಿನಸಿ ಅಂಗಡಿಯಲ್ಲಿ ಒಮ್ಮೆ ಆರ್ವಿಡ್ ಎದುರಾದಾಗ ಆ ಮಗುವಿನ ವಿಷಯ ಹೇಳಿದೆ. ಅವನು ಕಿತ್ತಳೆ ಹಣ್ಣು ಹಿಸುಕಿ ನೋಡುತ್ತಿದ್ದ.

“ನಮ್ಮಪ್ಪನೂ ತಡವಾಗೇ ಮಾತು ಕಲ್ತಿದ್ದಂತೆ,” ಅಂದ. “ಕಲ್ತ ಮೇಲೆ ನಿಲ್ಸೋಕೇ ಆಗ್ಲಿಲ್ಲ.”

ನಕ್ಕ. ಹಣ್ಣು ಆರಿಸಿಕೊಂಡು ಹೋದ. ಅವನಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ ಎಂದು ಬರೆದರೆ ಓದುವವರಿಗೆ ಸಮಾಧಾನವಾದೀತು. ಆದರೆ ಅವನ ಹೆಂಡತಿಯೇ ಹೇಳಿದ್ದಾಳೆ, ಗೊರಕೆ ಹೊಡೆದು ಮಲಗುತ್ತಿದ್ದ.

ಅಧ್ಯಯನ ನಿಂತ ಮೇಲಿನ ಎರಡು ಚಳಿಗಾಲ ನಮ್ಮ ಜಿಲ್ಲೆಯ ನರ್ಸ್ ವರ್ನಾ ಕುತೂರ್ ಮತ್ತು ನಾನು ಅದೇ ಪಟ್ಟಿ ಹಿಡಿದು ಮನೆಮನೆ ಹತ್ತಿದೆವು. ವರ್ನಾಳನ್ನು ನಾಯಿ ಎರಡು ಸಲ ಕಚ್ಚಿತು. ಕೆರೆಯ ಪೈಕ್ ತಿನ್ನುವ ಮನೆಗಳ ಹೆಂಗಸರ ಕೂದಲಲ್ಲಿ ಪಾದರಸ ಮಿತಿ ಮೀರಿತ್ತು. ಕೆರೆಯ ದಡದಲ್ಲಿ ಎಚ್ಚರಿಕೆಯ ಹಲಗೆ ನೆಟ್ಟರು.

ಸೆನ್ಯಾ ಬಾಗಿಲು ತೆಗೆದು, “ನರ್ಸಮ್ಮ ಒಳಗೆ ಬರ್ಲಿ. ಅವರು ಹೊರಗೇ ಇರ್ಲಿ,” ಅಂದಳು. ನಾನು ಅಂಗಳದ ಹಿಮದಲ್ಲಿ ನಿಂತೆ. ಅರ್ಧ ಗಂಟೆಯಾದ ಮೇಲೆ ವರ್ನಾ ಲಕೋಟೆ ಹಿಡಿದು ಬಂದಳು. ಸೆನ್ಯಾ ಮೀನು ಬಿಟ್ಟು ಆಗಲೇ ಎರಡು ವರ್ಷವಾಗುತ್ತ ಬಂದಿತ್ತು. ಆ ಕೂದಲಲ್ಲಿ ಏನೂ ಇರಲಿಲ್ಲ.