ಗೋಡೆಗೊರಗಿದ ಬಿದಿರು

ನಾಶಿಕ ಜಿಲ್ಲೆಯ ಘೋಟಿ ದಾಟಿ ಗುಡ್ಡದ ಊರೊಂದಕ್ಕೆ ಬ್ಯಾಂಕಿನ ಕೆಲಸಕ್ಕೆ ಹೊರಟಿದ್ದೆ. ಜೀಪಿನ ಬಾಗಿಲಿಗೆ ಸಿಕ್ಕಿ ಬೆರಳು ಜಜ್ಜಿತು. ದಾರಿಯ ಸಣ್ಣ ಆಸ್ಪತ್ರೆಯಲ್ಲಿ ಡಾಕ್ಟರ್ ಇರಲಿಲ್ಲ. ಪಟ್ಟಿ ಕಟ್ಟಿದ ನರ್ಸ್ ಬೀದರಿನವರು. ನನ್ನ ಹರಕು ಮರಾಠಿ ಕೇಳಿದ್ದೇ ಕನ್ನಡಕ್ಕೆ ಹೊರಳಿದರು.

ಅಂಗಳದ ಗೋಡೆಗೆ ಬಿದಿರಿನ ಗಳಗಳನ್ನು ಒರಗಿಸಿದ್ದರು. ಸೂರು ರಿಪೇರಿಗೋ ಎಂದು ಕೇಳಿದೆ.

"ಅಲ್ರೀ. ಮ್ಯಾಲಿನ ಊರಿಗೆ ಗಾಡಿ ಹೋಗಂಗಿಲ್ಲ. ಗಳಕ್ಕ ಸೀರಿ ಕಟ್ಟಿ, ಅದರಾಗ ಪೇಷಂಟ್‌ನ ಹೊತ್ತು ತರ್ತಾರ. ಆರಾಮಾದವರು ನಡ್ಕೊಂತ ಮನಿಗೆ ಹೋಗ್ತಾರ, ಗಳ ಇಲ್ಲೇ ಬಿಡ್ತಾರ."

ಹೇಳುವಾಗ ಅವರ ಮುಖದಲ್ಲಿ ಹೆಮ್ಮೆಯಿತ್ತು. ನನಗೋ ಸಿಟ್ಟು ಬಂತು. ಹೆಮ್ಮೆಪಡುವ ವ್ಯವಸ್ಥೆಯೇ ಇದು?

ಅಷ್ಟರಲ್ಲಿ ಅಂಥದೇ ಒಂದು ಜೋಲಿ ಬಂತು. ಒಳಗೆ ತುಂಬು ಬಸುರಿ, ಸೀರೆಯೆಲ್ಲ ರಕ್ತ. ಅವಳನ್ನು ಒಳಗೆ ಮಲಗಿಸಿ ಬಂದ ಗಂಡ, ಗಳದಿಂದ ಸೀರೆ ಬಿಚ್ಚಿ, ಗಳವನ್ನು ಉಳಿದವುಗಳ ಪಕ್ಕ ಜೋಪಾನವಾಗಿ ಒರಗಿಸಿದ.

"ನಾಶಿಕಕ್ಕೆ ನಮ್ಮ ಜೀಪಿನಲ್ಲೇ ಒಯ್ಯೋಣ," ಎಂದು ಒಳಗಿದ್ದ ನರ್ಸ್‌ಗೆ ಕೇಳುವಂತೆ ಕಿಟಕಿಯ ಬಳಿ ನಿಂತು ಕೂಗಿ, ಡ್ರೈವರ್‌ಗೆ ಹೇಳಿ ಹಿಂದಿನ ಸೀಟು ಖಾಲಿ ಮಾಡಿಸಿದೆ.

ನರ್ಸ್ ಹೊರಬಂದರು. ಗಂಡನಿಗೆ ಮರಾಠಿಯಲ್ಲಿ ಮೆಲ್ಲಗೆ ಏನೋ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಜೀಪ್ ಬ್ಯಾಡ್ರಿ ಇನ್ನ," ಎಂದರು.

ಅವನು ಗೋಡೆಯ ಬಳಿ ಹೋಗಿ ತನ್ನ ಗಳವನ್ನು ಎತ್ತಿಕೊಂಡ. ಸೀರೆಯನ್ನು ಮತ್ತೆ ಬಿಗಿಯತೊಡಗಿದ.