ಹಗುರ ಮಾಡಿದ ಹಾಡು

ಆ ಪ್ರಕಾಶನದಲ್ಲಿ ಅವಳನ್ನು ಎಲ್ಲರೂ ಉದ್ದಬೆರಳು ಎಂದೇ ಕರೆಯುತ್ತಿದ್ದರು, ಬೆನ್ನ ಹಿಂದೆಯೂ ಅಷ್ಟೆ, ಮುಖದೆದುರೂ ಅಷ್ಟೆ. ಬ್ಯಾಂಡುಗಳ ಹಾಡುಗಳನ್ನು ಪಿಯಾನೊ ಕಲಿಯುವವರಿಗಾಗಿ ಹಗುರ ಮಾಡಿ ಬರೆಯುವುದು ಅವಳ ಕೆಲಸ. ಗಿಟಾರಿನ ಗದ್ದಲ, ಡ್ರಮ್ಮಿನ ರಂಪ, ಹಾಡುವವನ ಕಿರುಚಾಟ ಎಲ್ಲವನ್ನೂ ಹಿಂಡಿ ಹತ್ತು ಬೆರಳಿಗೆ ಒಗ್ಗಿಸಬೇಕು. ಮೂರು ನಾಲ್ಕು ವರ್ಷ ಕಲಿತವರ ಪುಸ್ತಕಕ್ಕೆ ಮಧ್ಯಮ ದರ್ಜೆ ಎಂದು ಹೆಸರು. ಅದಕ್ಕೊಂದು ಕಟ್ಟಳೆಯಿತ್ತು: ಒಂದು ಕೈ ಎಂಟು ಬಿಳಿ ಕೀಗಳಿಗಿಂತ ಅಗಲಕ್ಕೆ ಚಾಚುವಂತಿಲ್ಲ.

ಕಟ್ಟಳೆ ಕಾಯುವವಳು ಲೆಕ್ಕಪತ್ರ ನೋಡುವ ಹೆಂಗಸು. ನಾಲ್ಕು ವರ್ಷ ಪಿಯಾನೊ ಕಲಿತು ಅಲ್ಲಿಗೇ ಕೈಬಿಟ್ಟವಳು, ಅದೇ ಅವಳ ಯೋಗ್ಯತೆ. ಹೊಸ ಹಾಡು ಸಿದ್ಧವಾದಾಗಲೆಲ್ಲ ಪ್ರಕಾಶನದ ಯಜಮಾನರು ಅವಳನ್ನು ಮೂಲೆಯ ಪಿಯಾನೊ ಮುಂದೆ ಕೂರಿಸುವರು. ಅವಳು ಎಲ್ಲಿ ತಡವರಿಸಿದಳೋ ಅಲ್ಲಿಗೆ ಕತ್ತರಿ. ನಗುವವರು ನಗಲಿ, ಪುಸ್ತಕಗಳಂತೂ ಚೆನ್ನಾಗಿಯೇ ಖರ್ಚಾಗುತ್ತಿದ್ದವು.

ಒಂದು ದಿನ ಯಜಮಾನರು ಉದ್ದಬೆರಳಿಗೆ ಒಂದು ಬ್ಯಾಂಡಿನ ಆಲ್ಟರ್ನೇಟಿವ್ ರಾಕ್ ಹಾಡನ್ನು ತಂದುಕೊಟ್ಟರು. ಹಳೆಯದಾದರೂ ಜನ ಇನ್ನೂ ಬಿಡದೆ ಕೇಳುತ್ತಿದ್ದ ಹಾಡು. ಅದನ್ನು ಕಟ್ಟಿ ಹಾಡಿದವನು ಅವಳನ್ನು ಬಿಟ್ಟುಹೋದ ಗಂಡ. ಅವಳಿಗೆ ಮೈಯೆಲ್ಲ ಉರಿಯಿತು, ಆದರೂ ಆಗಲ್ಲ ಎನ್ನಲಿಲ್ಲ.

ಆ ಹಾಡು ಹುಟ್ಟಿದ್ದು ಇಬ್ಬರೂ ಒಂದೇ ಕೋಣೆಯಲ್ಲಿ ಸಂಸಾರ ಹೂಡಿದ್ದಾಗ. ಅವನು ಮಂಚದ ಮೇಲೆ ಗಿಟಾರ್ ಹಿಡಿದು ಹಾಡಿನ ಮಧ್ಯದಲ್ಲಿ ಸಿಕ್ಕಿಹಾಕಿಕೊಂಡು ಒದ್ದಾಡುತ್ತಿದ್ದ. ಇವಳು ಒದ್ದೆ ಬಟ್ಟೆ ಹರವುವುದನ್ನು ಬಿಟ್ಟು, ಹಳೇ ಪಿಯಾನೊ ಮುಂದೆ ನಿಂತುಕೊಂಡೇ, ಹತ್ತು ಕೀ ಅಗಲಕ್ಕೆ ಕೈ ಚಾಚಿ ಒಂದು ತುಣುಕು ನುಡಿಸಿದಳು. ಅವನು ಇನ್ನೊಮ್ಮೆ ನುಡಿಸು ಎಂದ, ಮತ್ತೊಮ್ಮೆ ಎಂದ. ಹಾಡು ಹೊರಬಂದಾಗ ಆ ತುಣುಕು ನಟ್ಟನಡುವೆ ಇತ್ತು, ಹೆಸರು ಮಾತ್ರ ಅವನೊಬ್ಬನದೇ. ಕೇಳಿದ್ದಕ್ಕೆ ನಕ್ಕುಬಿಟ್ಟ.

"ಗಂಡ ಹೆಂಡ್ತಿ ಮಧ್ಯೆ ನಂದು ನಿಂದು ಅಂತ ಇರುತ್ತೇನೇ?"

ಸಂಸಾರ ಮುರಿದ ದಿನ ನಂದು ನಿಂದು ಎಲ್ಲ ಚೆನ್ನಾಗಿಯೇ ನೆನಪಾಯಿತು ಆ ಮಹಾರಾಯನಿಗೆ. ಸೀಲಿಂಗ್ ಫ್ಯಾನನ್ನೂ ಬಿಚ್ಚಿಕೊಂಡು ಹೋದ.

ಅವಳಿಗೆ ಅವನಿಂದ ಬೇಕಿದ್ದುದು ಒಂದೇ ಒಂದು: ಆ ತುಣುಕು ನಿನ್ನದು ಎಂದು ಅವನ ಬಾಯಿಂದ ಒಮ್ಮೆ ಬರಬೇಕು. ಇಂಥ ಪುಸ್ತಕ ಅಚ್ಚಿಗೆ ಹೋಗುವ ಮುಂಚೆ ಹಾಡು ಕಟ್ಟಿದವರು ನೋಡಿ ಒಪ್ಪಬೇಕು. ಪಿಯಾನೊದ ಆ ತುಣುಕು ಪಿಯಾನೊಗೇ ವಾಪಸು ಬಂದಿರುವುದನ್ನು, ಕೆಳಗೆ ಹಗುರ ಮಾಡಿದವಳೆಂದು ತನ್ನ ಹೆಸರಿರುವುದನ್ನು ಕಂಡರೆ ಎಂಥ ಕಲ್ಲಿಗೂ ನೆನಪಾಗದೇ ಇರುತ್ತದೆಯೇ? ಅವಳು ಆಸೆಪಟ್ಟಳು. ಆಸೆಪಟ್ಟಿದ್ದಕ್ಕೆ ತನ್ನನ್ನೇ ಬೈದುಕೊಂಡಳು.

ತುಣುಕನ್ನು ಇದ್ದಂತೆಯೇ ಬರೆದಳು. ಲೆಕ್ಕಪತ್ರದವಳು ಅಲ್ಲಿಯವರೆಗೆ ಸಲೀಸಾಗಿ ಬಂದು ಅಲ್ಲೇ ಮುಗ್ಗರಿಸಿದಳು. ಸ್ವರಗಳನ್ನು ಎರಡೂ ಕೈಗೆ ಹಂಚಿ ಕೊಟ್ಟಾಗಲೂ ಬೆರಳು ಗಂಟು ಬಿದ್ದವು. ಕೊನೆಗೆ ಉದ್ದಬೆರಳು ಅಗಲವನ್ನೆಲ್ಲ ಮಡಚಿ ಎಂಟು ಕೀಗಳೊಳಗೆ ತುರುಕಿದಳು. ಈ ಸಲ ಲೆಕ್ಕಪತ್ರದವಳು ಎಲ್ಲೂ ನಿಲ್ಲದೆ ನುಡಿಸಿ ಮುಗಿಸಿ, ಇವಳ ಮುಖ ನೋಡಿ, ಸ್ವಲ್ಪ ಸಂಕೋಚದಿಂದಲೇ ಹೇಳಿದಳು.

"ಕೈಗೇನೋ ಬರುತ್ತೆ ಕಣೇ. ಆದ್ರೆ ಜೀವಾನೇ ಇಲ್ಲ."

ನಿಜ, ಇರಲಿಲ್ಲ. ಯಜಮಾನರು ಪರವಾಗಿಲ್ಲ, ಹಾಗೇ ಕಳಿಸಿಬಿಡೋಣ ಎಂದರು. ಹಾಗೇ ಕಳಿಸಿದ್ದರೆ ಆಗುತ್ತಿತ್ತು. ಆದರೆ ತನ್ನ ಹೆಸರು ಹೊತ್ತು ಆ ಕುಂಟು ತುಣುಕು ಅವನ ಕೈಗೆ ಹೋಗುವುದನ್ನು ಅವಳಿಂದ ಸಹಿಸಲಾಗಲಿಲ್ಲ. ಇಡೀ ತುಣುಕಿಗೇ ಅಡ್ಡಗೆರೆ ಎಳೆದಳು. ಮುಂದಿನದನ್ನೂ ಹಿಂದಿನದನ್ನೂ ಹೊಲಿಗೆ ಕಾಣದಂತೆ ಸೇರಿಸಿದಳು. ಆ ಕೆಲಸದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ.

ಒಂದು ವಾರಕ್ಕೆ ಅವನೇ ಕಚೇರಿಗೆ ಫೋನ್ ಮಾಡಿದ. ದನಿ ದಪ್ಪವಾಗಿತ್ತು, ಸಲಿಗೆ ಮಾತ್ರ ಹಾಗೇ ಇತ್ತು. ತುಂಬ ಚೆನ್ನಾಗಿ ಮಾಡಿದ್ದೀಯ ಎಂದ. ಆ ನಡುವಿನ ರಗಳೆ ಹೋಗಿ ಹಾಡು ನೀರು ಕುಡಿದಷ್ಟು ಸಲೀಸಾಗಿದೆ, ಇನ್ನು ಮೇಲೆ ಬ್ಯಾಂಡೂ ಹೀಗೇ ನುಡಿಸುತ್ತದೆ ಎಂದ.

ಅವಳು ಕೇಳಿದಳು. "ಆ ನಡುವಿನದ್ದು ಯಾರು ಮಾಡಿದ್ದು, ನೆನಪಿದೆಯಾ?"

ಅವನು ಯೋಚಿಸಿದ. ನಾಟಕವಲ್ಲ, ನಿಜಕ್ಕೂ ಯೋಚಿಸಿದ. ಅವಳಿಗೆ ಹೊಟ್ಟೆ ಉರಿದದ್ದು ಅದಕ್ಕೇ.

"ಡ್ರಮ್ ಬಾರಿಸ್ತಿದ್ದನಲ್ಲ, ಅವನದಿರಬೇಕು. ಬಿಡು, ಹೋಯ್ತಲ್ಲ. ಈ ಸಲ ಸ್ಟೇಜ್ ಮೇಲೆ ನಿನ್ನ ಹೆಸರು ಹೇಳೇ ಹೇಳ್ತೀನಿ, ನೋಡ್ತಿರು."

ಮಾತಿಗೆ ತಪ್ಪಲಿಲ್ಲ ಪುಣ್ಯಾತ್ಮ. ಲೆಕ್ಕಪತ್ರದವಳು ಟಿಕೆಟ್ ಕೊಂಡು ಹೋಗಿ ಕಣ್ಣಾರೆ ಕಂಡು ಬಂದಳು. ಸಾವಿರಾರು ಜನರೆದುರು ಮೈಕಿನಲ್ಲಿ ಇವಳ ಹೆಸರು ಹೇಳಿದನಂತೆ, ಹಾಡಿನ ಹೊರೆ ಇಳಿಸಿಕೊಟ್ಟವಳು ಎಂದು ಹೊಗಳಿದನಂತೆ. ಆಮೇಲೆ ಆ ತುಣುಕನ್ನು ಬಿಟ್ಟು ಹಾಡಿದನಂತೆ. ಏನೋ ಕಮ್ಮಿಯಾಗಿದೆ ಎಂದು ಒಬ್ಬರಿಗೂ ಅನ್ನಿಸಲಿಲ್ಲವಂತೆ.